ಮನಶ್ಶಾಸ್ತ್ರದ ತರಗತಿಯಲ್ಲಿ ಕಾದಂಬರಿ

ಮನೋರೋಗಗಳನ್ನು ಕುರಿತ ಪಠ್ಯಪುಸ್ತಕವನ್ನು ತೆರೆದರೆ ಹೆರಿಗೆಯ ಅನಂತರ ಬರುವ ಚಿತ್ತವಿಕಲತೆಗೆ ಅಲ್ಲಿ ಸಾಮಾನ್ಯವಾಗಿ ದೊರೆಯುವ ಸ್ಥಳ ಒಂದೆರಡು ಕಂಡಿಕೆಗಳಷ್ಟು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಈ ರೋಗ ಕಾಣಿಸಿಕೊಳ್ಳುತ್ತದೆ. ಬಹುತೇಕ ಹೆರಿಗೆಯಾದ ಎರಡು ವಾರಗಳೊಳಗೆ ತಲೆದೋರುತ್ತದೆ. ನಿದ್ರೆ ಕೆಡುತ್ತದೆ, ಮಾತು ದಾರಿ ತಪ್ಪುತ್ತದೆ, ಇಲ್ಲದ ಧ್ವನಿಗಳು ಕೇಳಿಸಬಹುದು, ಮಗುವಿನ ವಿಷಯದಲ್ಲಿ ವಿಪರೀತವಾದ ನಂಬಿಕೆಗಳು ಹುಟ್ಟಬಹುದು. ತಕ್ಕ ಚಿಕಿತ್ಸೆ ದೊರೆತರೆ ಬಹುಮಂದಿ ಗುಣಹೊಂದುತ್ತಾರೆ. ವಿದ್ಯಾರ್ಥಿಗಳು ಇಷ್ಟನ್ನು ಕಲಿತು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆಯುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ‘ಗುಣಹೊಂದುತ್ತಾರೆ’ ಎಂಬಲ್ಲಿಗೆ ಪಠ್ಯಪುಸ್ತಕದ ವಾಕ್ಯ ಮುಗಿದುಹೋಗುತ್ತದೆ. ಗುಣಹೊಂದಿದ ಆ ಹೆಂಗಸು ಅನಂತರ ಎಲ್ಲಿಗೆ ಹೋದಳು? ಬಾಗಿಲನ್ನು ತೆರೆದವರು ಯಾರು? ಆಗ ಅವರ ಮುಖ ಹೇಗಿದ್ದಿತು?

ತ್ರಿವೇಣಿಯವರ ‘ಶರಪಂಜರ’ವು ತನ್ನ ಮುಖ್ಯ ಕಥೆಯನ್ನು ಹೇಳತೊಡಗುವುದು ಇಲ್ಲಿಂದಲೇ. ಕಾದಂಬರಿಯ ನಾಯಕಿ ಕಾವೇರಿ ಹೆರಿಗೆಯ ಅನಂತರ ಬುದ್ಧಿಸ್ವಾಸ್ಥ್ಯವನ್ನು ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗುತ್ತದೆ, ಅವಳು ಗುಣಹೊಂದಿ ಮನೆಗೆ ಮರಳುತ್ತಾಳೆ. ಆಮೇಲೆ ನಡೆಯುವುದೇ ಕಥೆಯ ತಿರುಳು. ಗಂಡನ ಮನಸ್ಸು ಅವಳಿಂದ ದೂರ ಸರಿದಿದೆ. ಸುತ್ತಲಿನವರ ಕಣ್ಣಿಗೆ ಅವಳು ಈಗ ಕಾವೇರಿಯಲ್ಲ, ಹುಚ್ಚಾಸ್ಪತ್ರೆಗೆ ಹೋಗಿ ಬಂದವಳು. ಅವಳ ನಗೆ, ಅಳು, ಕೋಪ, ಮೌನ ಒಂದೊಂದನ್ನೂ ಜನರು ರೋಗದ ಗುರುತೆಂದೇ ಎಣಿಸುತ್ತಾರೆ. ಕೊನೆಗೆ ರೋಗ ನಿಜವಾಗಿಯೂ ಮರುಕಳಿಸುತ್ತದೆ. ಪುಟ್ಟಣ್ಣ ಕಣಗಾಲರು 1971ರಲ್ಲಿ ಇದನ್ನು ಚಲನಚಿತ್ರವಾಗಿ ನಿರ್ಮಿಸಿದುದರಿಂದಲೂ, ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅವರು ಅಭಿನಯಿಸಿದುದರಿಂದಲೂ ಪುಸ್ತಕವನ್ನೋದದ ಕನ್ನಡಿಗರಿಗೂ ಈ ಕಥೆ ಪರಿಚಿತವಾಗಿದೆ.

ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. 1928ರಲ್ಲಿ ಹುಟ್ಟಿ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ತೀರಿಕೊಂಡ ಈ ಲೇಖಕಿ ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ್ದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವನ್ನು 1924ರಲ್ಲಿ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು. (1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವೊಂದನ್ನು ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೂ ಇವರೇ.) ಹೀಗೆ ತ್ರಿವೇಣಿಯವರ ಕಾದಂಬರಿಗಳು ತರಗತಿಯಿಂದ ಹೊರಟು ಓದುಗರನ್ನು ಮುಟ್ಟಿದವು. ಅವನ್ನು ಮತ್ತೆ ತರಗತಿಗೆ ಕರೆತರಬಹುದೆ, ಕರೆತಂದರೆ ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ. ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಕಾಲೇಜುಗಳಲ್ಲಿ ಮನೋರೋಗಗಳ ಪಾಠಕ್ಕೆ ಕಾದಂಬರಿಗಳನ್ನು ಜೋಡಿಸುವ ಪದ್ಧತಿ ಹೊಸದೇನಲ್ಲ.

ಬಾಣಂತಿ ಸನ್ನಿ

ಮೊದಲು ರೋಗದ ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಹೆರಿಗೆಯ ಅನಂತರದ ಮಾನಸಿಕ ತೊಂದರೆಗಳು ಒಂದೇ ಬಗೆಯವಲ್ಲ. ಬಾಣಂತಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಚಂಚಲವಾಗುವುದು ಉಂಟು. ಇದು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕಿಂತ ಆಳವಾದುದು ಖಿನ್ನತೆ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನೂರು ತಾಯಂದಿರಲ್ಲಿ ಸುಮಾರು 22 ಮಂದಿ ಇದಕ್ಕೆ ಗುರಿಯಾಗುತ್ತಾರೆ. ಮೂರನೆಯದಾದ ಚಿತ್ತವಿಕಲತೆ ವಿರಳ, ಆದರೆ ತೀವ್ರ. ಅದು ತುರ್ತು ಚಿಕಿತ್ಸೆಯನ್ನು ಬೇಡುವ ಸ್ಥಿತಿ. ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದುದರಲ್ಲಿ ಇದೂ ಸೇರಿದ್ದಿತು. ಹೆರಿಗೆಯಲ್ಲಿ ನಂಜು ತಗಲಿ ಜ್ವರವೇರಿದಾಗ ಬರುವ ಬುದ್ಧಿಭ್ರಮಣೆಯೂ ಸೇರಿದ್ದಿತು. ನಂಜನ್ನು ತಡೆಯುವ ಕ್ರಮಗಳು ಬಂದಮೇಲೆ ಎರಡನೆಯದು ಬಹಳ ಮಟ್ಟಿಗೆ ತಗ್ಗಿತು, ಮೊದಲನೆಯದು ಉಳಿದುಕೊಂಡಿತು. ಫ್ರಾನ್ಸಿನ ಲೂಯಿ ವಿಕ್ತೋರ್ ಮಾರ್ಸೆ ಎಂಬ ವೈದ್ಯನು 1858ರಷ್ಟು ಹಿಂದೆಯೇ ಗರ್ಭಿಣಿಯರ ಮತ್ತು ಬಾಣಂತಿಯರ ಮನೋರೋಗಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದನು.

ಕಾರಣವೇನು? ಹೆರಿಗೆಯಾದೊಡನೆ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳ ಮಟ್ಟ ಕೆಲವೇ ದಿನಗಳಲ್ಲಿ ಒಮ್ಮೆಲೇ ಕುಸಿಯುತ್ತದೆ. ಜೊತೆಗೆ ರಾತ್ರಿಯ ನಿದ್ರೆ ಇಲ್ಲವಾಗುತ್ತದೆ. ಇವು ಎಲ್ಲ ತಾಯಂದಿರಿಗೂ ಸಮಾನ. ಆದರೆ ಕೆಲವರ ಮಿದುಳು ಈ ಏರುಪೇರನ್ನು ತಾಳಲಾರದು. ಉನ್ಮಾದ ಮತ್ತು ವಿಷಣ್ಣತೆಗಳು ಸರದಿಯಂತೆ ಬರುವ ರೋಗ ತಮಗೇ ಇದ್ದವರಿಗೆ, ಇಲ್ಲವೆ ಹತ್ತಿರದ ರಕ್ತಸಂಬಂಧಿಗಳಿಗೆ ಇದ್ದವರಿಗೆ ಅಪಾಯ ಹೆಚ್ಚು. ಒಮ್ಮೆ ಈ ರೋಗ ಬಂದವರಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಮಂದಿಗೆ ಮುಂದಿನ ಹೆರಿಗೆಯಲ್ಲಿಯೂ ಅದು ಮರುಕಳಿಸುತ್ತದೆ. ಆದುದರಿಂದ ಅಂಥವರ ವಿಷಯದಲ್ಲಿ ವೈದ್ಯರು ಮುಂದಾಗಿಯೇ ಎಚ್ಚರಿಕೆ ವಹಿಸುತ್ತಾರೆ. ತಾಯಿಯ ಗುಣದೋಷವಾಗಲಿ, ಮಗುವಿನ ಜಾತಕವಾಗಲಿ, ಯಾರದೋ ದೃಷ್ಟಿಯಾಗಲಿ ಇದರಲ್ಲಿ ಪಾತ್ರ ವಹಿಸಿರುವುದಿಲ್ಲ.

ಇಷ್ಟನ್ನು ತಿಳಿಸಲು ಕಾದಂಬರಿ ಬೇಕಿಲ್ಲ. ಪಠ್ಯಪುಸ್ತಕವೇ ಚೆನ್ನಾಗಿ ತಿಳಿಸುತ್ತದೆ. ಹಾಗಾದರೆ ಕಾದಂಬರಿಯ ಕೆಲಸವೇನು?

ಮನೆಗೆ ಮರಳಿದ ಮೇಲೆ

ಇದಕ್ಕೆ ಉತ್ತರ ಕಾಣಲು ಲಂಡನ್ನಿನಲ್ಲಿ ನಡೆದ ಒಂದು ಸಂಶೋಧನೆಯ ಕಡೆಗೆ ತಿರುಗಬೇಕು. 1952ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಚಿತ್ತವಿಕಲತೆಗೆ ಬಳಸಿ ಯಶಸ್ವಿಯಾದರು. ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಮನೆಗೆ ಮರಳುವುದು ಅಲ್ಲಿಂದ ಮುಂದೆ ಹೆಚ್ಚಾಯಿತು. ಆದರೆ ಅವರಲ್ಲಿ ಹಲವರು ಮತ್ತೆ ಆಸ್ಪತ್ರೆಗೆ ಹಿಂದಿರುಗುತ್ತಿದ್ದರು. ಯಾರು ಹಿಂದಿರುಗುತ್ತಾರೆ, ಯಾರು ಹೊರಗೇ ಉಳಿಯುತ್ತಾರೆ? ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವನ ಸಂಗಡಿಗರು ಈ ಪ್ರಶ್ನೆಯನ್ನು ಹಿಡಿದರು. 1958ರಲ್ಲಿ ಪ್ರಕಟವಾದ ಅವರ ಮೊದಲ ಶೋಧನೆ ಎಲ್ಲರ ನಿರೀಕ್ಷೆಗೂ ವಿರುದ್ಧವಾಗಿದ್ದಿತು: ಬಾಡಿಗೆಯ ಕೋಣೆಗಳಿಗೆ ಹೋದವರಿಗಿಂತ ಹೆಂಡತಿಯ ಅಥವಾ ತಂದೆತಾಯಿಗಳ ಮನೆಗೆ ಹೋದವರಲ್ಲಿಯೇ ರೋಗ ಮರುಕಳಿಸುವುದು ಹೆಚ್ಚಾಗಿದ್ದಿತು!

ಮನೆಯಲ್ಲಿ ಏನೋ ನಡೆಯುತ್ತಿರಬೇಕು. ಅದನ್ನು ಅಳೆಯುವ ಉಪಾಯವನ್ನು ಅವರು ಕಂಡುಹಿಡಿದರು. ರೋಗಿಯ ಹತ್ತಿರದ ನೆಂಟರೊಡನೆ ದೀರ್ಘವಾಗಿ ಮಾತನಾಡಿ, ಆ ಮಾತಿನಲ್ಲಿ ಟೀಕೆ ಎಷ್ಟು ಸಾರಿ ಬಂದಿತು, ಧ್ವನಿಯಲ್ಲಿ ಹಗೆತನವಿದ್ದಿತೆ, ಉಸಿರುಕಟ್ಟಿಸುವಂಥ ಅತಿಕಾಳಜಿ ಇದ್ದಿತೆ ಎಂಬುದನ್ನು ಗುರುತು ಹಾಕಿಕೊಂಡರು. 1972ರಲ್ಲಿ ಬ್ರೌನ್, ಬರ್ಲಿ ಮತ್ತು ವಿಂಗ್ ಪ್ರಕಟಿಸಿದ ಫಲಿತಾಂಶ ಪ್ರಸಿದ್ಧವಾಗಿದೆ. ಇಂಥ ಭಾವಾವೇಶ ಹೆಚ್ಚಾಗಿದ್ದ ಮನೆಗಳಿಗೆ ಮರಳಿದ ಸ್ಕಿಜೋಫ್ರೀನಿಯ ರೋಗಿಗಳಲ್ಲಿ ಶೇಕಡ 58 ಮಂದಿಗೆ ಒಂಬತ್ತು ತಿಂಗಳೊಳಗೆ ರೋಗ ಮರುಕಳಿಸಿತು. ಕಡಮೆಯಿದ್ದ ಮನೆಗಳಿಗೆ ಮರಳಿದವರಲ್ಲಿ ಶೇಕಡ 16 ಮಂದಿಗೆ ಮಾತ್ರ. ಮುಂದೆ ಖಿನ್ನತೆ ಮೊದಲಾದ ರೋಗಗಳಲ್ಲಿಯೂ ಇದೇ ಬಗೆಯ ಸಂಬಂಧ ಕಂಡುಬಂದಿತು. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಳತೆಗೋಲನ್ನು ಹಿಡಿದು ನೋಡಿದಾಗ ಭಾವಾವೇಶದ ಮನೆಗಳು ಲಂಡನ್ನಿಗಿಂತ ಅಲ್ಲಿ ಕಡಮೆಯಾಗಿದ್ದವು ಎಂಬುದನ್ನೂ ಹೇಳಬೇಕು. ಮನೆಯವರೇ ರೋಗವನ್ನು ಹುಟ್ಟಿಸುತ್ತಾರೆಂದು ಇದರ ಅರ್ಥವಲ್ಲ. ರೋಗದ ಸ್ವರೂಪವನ್ನು ತಿಳಿಸಿಕೊಟ್ಟು ಮನೆಯವರಿಗೆ ತರಬೇತಿ ನೀಡಿದರೆ ಮರುಕಳಿಕೆ ತಗ್ಗುತ್ತದೆ ಎಂಬುದೂ ಸಿದ್ಧವಾಗಿದೆ. ಹಗೆತನದ ಮೂಲ ಅನೇಕ ವೇಳೆ ಕೇವಲ ಅಜ್ಞಾನ ಮತ್ತು ದಣಿವು.

ಈಗ ಮತ್ತೆ ‘ಶರಪಂಜರ’ಕ್ಕೆ ಬನ್ನಿ. ಬ್ರೌನನ 1972ರ ಅಂಕಿ ಅಂಶಗಳು ಹೊರಬೀಳುವ ವೇಳೆಗೆ ತ್ರಿವೇಣಿಯವರು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಆದರೂ ಅವರ ಕಾದಂಬರಿಯ ಉತ್ತರಾರ್ಧ ಆ ಸಂಶೋಧನೆಗೆ ಬರೆದ ಉದಾಹರಣೆಯಂತಿದೆ. ಶೇಕಡ 58 ಎಂಬ ಅಂಕಿಯು ಮರುಕಳಿಕೆ ಆಗುತ್ತದೆ ಎಂಬುದನ್ನು ಹೇಳುತ್ತದೆ. ಒಂದು ಟೀಕೆಯ ಮಾತು ಬೆಳಗಿನ ಹೊತ್ತು ಅಡಿಗೆಮನೆಯಲ್ಲಿ ಬಿದ್ದುದು ರಾತ್ರಿಯ ನಿದ್ರೆಯನ್ನು ಹೇಗೆ ಕೆಡಿಸುತ್ತದೆ, ನಿದ್ರೆ ಕೆಟ್ಟ ಮುಖವನ್ನು ನೋಡಿ ಮನೆಯವರು ‘ಮತ್ತೆ ಶುರುವಾಯಿತು’ ಎಂದು ಹೇಗೆ ಪಿಸುಗುಟ್ಟುತ್ತಾರೆ, ಆ ಪಿಸುಮಾತು ಮರುದಿನದ ಕೋಪಕ್ಕೆ ಹೇಗೆ ಕಾರಣವಾಗುತ್ತದೆ ಎಂಬ ಸರಪಳಿಯನ್ನು ಅಂಕಿ ತೋರಿಸಲಾರದು. ಅದಕ್ಕೆ ದಿನಗಳು ಬೇಕು, ಮನೆ ಬೇಕು, ನಾಲ್ಕಾರು ಜನರು ಬೇಕು. ಇವೆಲ್ಲ ಕಾದಂಬರಿಯ ಸಾಮಗ್ರಿಗಳು. ರೋಗದ ಅರ್ಧಭಾಗ ರೋಗಿಯ ತಲೆಯ ಹೊರಗೆ ನಡೆಯುತ್ತದೆ; ಆ ಅರ್ಧಭಾಗವನ್ನು ಕಲಿಸಲು ಕಾದಂಬರಿಗಿಂತ ಒಳ್ಳೆಯ ಸಾಧನವನ್ನು ತರಗತಿಯೊಳಗೆ ತರುವುದು ಕಷ್ಟ ಎಂಬುದೇ ಈ ಲೇಖಕನ ಅಭಿಪ್ರಾಯ.

ಹೆರಿಗೆಯ ಅನಂತರದ ರೋಗವನ್ನೇ ಕುರಿತು ಇದಕ್ಕೂ ಹಿಂದೆ ಬರೆದ ಒಂದು ಕಥೆಯನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ಹಳದಿ ಗೋಡೆಕಾಗದ’ವು ಕಾದಂಬರಿಯಲ್ಲ, ಸಣ್ಣಕಥೆ. ಮಗುವನ್ನು ಹೆತ್ತು ಅಸ್ವಸ್ಥಳಾದ ಹೆಂಗಸನ್ನು ವೈದ್ಯನಾದ ಅವಳ ಗಂಡನೇ ಒಂದು ಕೋಣೆಯಲ್ಲಿರಿಸಿ, ಓದು ಬರಹಗಳನ್ನೆಲ್ಲ ಬಿಡಿಸಿ, ಬರಿದೆ ಮಲಗಿರುವಂತೆ ವಿಧಿಸುತ್ತಾನೆ. ಮಾಡಲು ಬೇರೇನೂ ಇಲ್ಲದೆ ಅವಳು ಗೋಡೆಗೆ ಅಂಟಿಸಿದ ಕಾಗದದ ಚಿತ್ತಾರವನ್ನು ನೋಡುತ್ತ ನೋಡುತ್ತ ಅದರೊಳಗೆ ಒಬ್ಬ ಹೆಂಗಸು ಸೆರೆಯಾಗಿರುವುದನ್ನು ಕಾಣತೊಡಗುತ್ತಾಳೆ. ಲೇಖಕಿಗೇ ಇಂಥ ಚಿಕಿತ್ಸೆ ನಡೆದಿದ್ದಿತು. 1885ರಲ್ಲಿ ಮಗಳು ಹುಟ್ಟಿದ ಮೇಲೆ ಖಿನ್ನಳಾದ ಆಕೆ 1887ರಲ್ಲಿ ಪ್ರಸಿದ್ಧ ನರವೈದ್ಯ ವೀರ್ ಮಿಚೆಲನ ‘ವಿಶ್ರಾಂತಿ ಚಿಕಿತ್ಸೆ’ಗೆ ಒಳಗಾಗಿದ್ದರು. ಕಾವೇರಿಯ ಮನೆಯಲ್ಲಿ ಪ್ರೀತಿ ಬತ್ತಿದೆ. ಗಿಲ್ಮನ್ನರ ಕಥೆಯ ಗಂಡನಿಗಾದರೋ ಹೆಂಡತಿಯ ಮೇಲೆ ಕಾಳಜಿಗೆ ಕೊರತೆಯಿಲ್ಲ. ಬ್ರೌನನ ಅಳತೆಗೋಲಿನಲ್ಲಿ ಟೀಕೆಯೂ ಇದ್ದಿತು, ಅತಿಕಾಳಜಿಯೂ ಇದ್ದಿತು ಎಂಬುದನ್ನು ವಾಚಕರು ನೆನೆಯಬಹುದು.

ಪಾತ್ರಕ್ಕೆ ರೋಗದ ಹೆಸರು ಹಚ್ಚುವುದು

ಮನಶ್ಶಾಸ್ತ್ರಜ್ಞರಿಗೆ ಕಾದಂಬರಿಯ ಮೇಲಿನ ಆಸೆ ಹಳೆಯದು. ಸಿಗ್ಮಂಡ್ ಫ್ರಾಯ್ಡನು 1907ರಲ್ಲಿಯೇ ಯೆನ್ಸನ್ ಎಂಬ ಜರ್ಮನ್ ಲೇಖಕನ ‘ಗ್ರಾಡಿವಾ’ ಎಂಬ ಕಥೆಯನ್ನೆತ್ತಿಕೊಂಡು, ಅದರ ನಾಯಕನ ಭ್ರಾಂತಿಯನ್ನೂ ಕನಸುಗಳನ್ನೂ ನಿಜವಾದ ರೋಗಿಯದೆಂಬಂತೆ ವಿಶ್ಲೇಷಿಸಿ ಒಂದು ಪುಸ್ತಕವನ್ನೇ ಬರೆದನು. ಬುದ್ಧಿವಂತಿಕೆಯ ಪುಸ್ತಕ, ಸಂದೇಹವಿಲ್ಲ. ಆದರೆ ಕಾಗದದ ಮೇಲಿನ ವ್ಯಕ್ತಿಯನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನಿಸಲು ಬರುವುದಿಲ್ಲ. ಲೇಖಕನು ಹೇಳದೆ ಬಿಟ್ಟುದನ್ನು ವಿಶ್ಲೇಷಕನು ತಾನೇ ತುಂಬುತ್ತಾನೆ. ತರಗತಿಯಲ್ಲಿ ಕಾದಂಬರಿಯನ್ನು ಬಳಸುವವರು ಮೊದಲು ಎಡವುವುದು ಇಲ್ಲಿಯೇ: ಇಡೀ ಪಾಠವು ‘ಈ ಪಾತ್ರಕ್ಕೆ ಯಾವ ರೋಗ?’ ಎಂಬ ಒಗಟಾಗಿ ಬಿಡುತ್ತದೆ.

ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡ್ಯಾಲೊವೆ’ ಈ ಒಗಟಿಗೆ ಬಗ್ಗುವುದಿಲ್ಲ. ಆದುದರಿಂದಲೇ ಅದು ಒಳ್ಳೆಯ ಪಾಠಪುಸ್ತಕ. 1925ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಸೆಪ್ಟಿಮಸ್ ಸ್ಮಿತ್ ಎಂಬ ಯುವಕ ಮೊದಲನೆಯ ಮಹಾಯುದ್ಧದಿಂದ ಮರಳಿದ್ದಾನೆ. ಅವನ ಗೆಳೆಯ ಇವಾನ್ಸ್ ಯುದ್ಧ ಮುಗಿಯುವುದಕ್ಕೆ ಸ್ವಲ್ಪ ಮೊದಲು ಇಟಲಿಯಲ್ಲಿ ಸತ್ತನು. ಆಗ ಸೆಪ್ಟಿಮಸನಿಗೆ ಏನೂ ಅನ್ನಿಸಲಿಲ್ಲ. ಅನ್ನಿಸದಿದ್ದುದಕ್ಕೆ ಅವನು ತನ್ನನ್ನೇ ಮೆಚ್ಚಿಕೊಂಡಿದ್ದನು. ಈಗ ವರ್ಷಗಳ ಮೇಲೆ ಲಂಡನ್ನಿನ ಉದ್ಯಾನದಲ್ಲಿ ಸತ್ತ ಗೆಳೆಯ ಅವನಿಗೆ ಕಾಣಿಸುತ್ತಾನೆ. ಒಬ್ಬ ವೈದ್ಯನು ಅವನಿಗೆ ಯಾವ ರೋಗವೂ ಇಲ್ಲವೆನ್ನುತ್ತಾನೆ. ಇನ್ನೊಬ್ಬ ದೊಡ್ಡ ವೈದ್ಯನು ದೂರದ ವಿಶ್ರಾಂತಿಗೃಹಕ್ಕೆ ಅಟ್ಟಬೇಕೆನ್ನುತ್ತಾನೆ. ಅವನ ಮಾತನ್ನು ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ.

ಯುದ್ಧದಿಂದ ಬಂದ ಸೈನಿಕರ ಈ ಬೇನೆಗೆ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಕೀಯ ಬರವಣಿಗೆಗೆ ತಂದವನು ಚಾರ್ಲ್ಸ್ ಮೈಯರ್ಸ್, 1915ರಲ್ಲಿ. ಘೋರ ಅನುಭವದ ಅನಂತರದ ಒತ್ತಡದ ರೋಗವೆಂದು ಅಮೆರಿಕದ ಮನೋವೈದ್ಯರು ಅದಕ್ಕೆ ತಮ್ಮ ಅಧಿಕೃತ ಪಟ್ಟಿಯಲ್ಲಿ ಸ್ಥಾನ ಕೊಟ್ಟುದು 1980ರಲ್ಲಿ. ಘಟನೆ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಭಾವನೆಗಳು ಮರಗಟ್ಟುವುದು, ಸದಾ ಬೆಚ್ಚಿಬೀಳುವುದು ಎಂದು ಆ ಪಟ್ಟಿ ಹೇಳುವ ಲಕ್ಷಣಗಳನ್ನು ಸೆಪ್ಟಿಮಸನಲ್ಲಿ 55 ವರ್ಷಗಳಷ್ಟು ಹಿಂದೆಯೇ ಕಾಣುತ್ತೇವೆ. ‘ಭಾವನೆಗಳು ಮರಗಟ್ಟುವುವು’ ಎಂಬ ಒಣ ಮಾತು ಏನನ್ನು ಹೇಳುತ್ತಿದೆ ಎಂಬುದು ಗೆಳೆಯನ ಸಾವಿನಲ್ಲಿ ಏನೂ ಅನ್ನಿಸದ ಆ ಯುವಕನನ್ನು ಕಂಡಮೇಲೆ ಮರೆಯುವಂತಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಕ್ಕಿಗಳು ಗ್ರೀಕ್ ಭಾಷೆಯಲ್ಲಿ ಹಾಡುವುದು ಅವನಿಗೆ ಕೇಳಿಸುತ್ತದೆ. ಜಗತ್ತಿಗೆ ಸಾರಬೇಕಾದ ಸಂದೇಶವೊಂದು ತನ್ನಲ್ಲಿದೆಯೆಂದು ಅವನು ನಂಬುತ್ತಾನೆ. ಇವು ಒತ್ತಡರೋಗದ ಪಟ್ಟಿಗೆ ಒಗ್ಗುವ ಲಕ್ಷಣಗಳಲ್ಲ. 1904ರಲ್ಲಿ ತಾವು ಅಸ್ವಸ್ಥರಾಗಿದ್ದಾಗ ಹಕ್ಕಿಗಳು ಗ್ರೀಕಿನಲ್ಲಿ ಹಾಡುವುದನ್ನು ಕೇಳಿದುದಾಗಿ ವುಲ್ಫ್ ಅವರೇ ಬರೆದಿಟ್ಟಿದ್ದಾರೆ. ಅಂದರೆ ಲೇಖಕಿ ಸೈನಿಕನ ರೋಗವನ್ನೂ ತಮ್ಮ ರೋಗವನ್ನೂ ಒಂದೇ ಪಾತ್ರದಲ್ಲಿ ಹೆಣೆದಿದ್ದಾರೆ. ಪಟ್ಟಿಯೊಡನೆ ಪಾತ್ರವನ್ನು ಹೋಲಿಸಿ, ಎಲ್ಲಿ ಕೂಡುತ್ತದೆ ಎಲ್ಲಿ ಕೂಡುವುದಿಲ್ಲ ಎಂದು ಗುರುತಿಸಿದ ವಿದ್ಯಾರ್ಥಿಗೆ ಪಟ್ಟಿಯ ಬಲವೂ ತಿಳಿಯುತ್ತದೆ, ಮಿತಿಯೂ ತಿಳಿಯುತ್ತದೆ.

ಕಾದಂಬರಿ ತಪ್ಪು ಕಲಿಸುವಾಗ

ಕಾದಂಬರಿಗಳು ಸತ್ಯವನ್ನೇ ಹೇಳುತ್ತವೆಂಬ ಭರವಸೆಯಿಲ್ಲ. ಅವು ಹರಡಿದ ತಪ್ಪುಗಳಲ್ಲಿ ಅತಿ ದೊಡ್ಡದು ಸ್ಕಿಜೋಫ್ರೀನಿಯಕ್ಕೆ ಸಂಬಂಧಿಸಿದ್ದು. ಸ್ಟೀವನ್‌ಸನ್ನನ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ 1886ರಲ್ಲಿ ಬಂದಂದಿನಿಂದ ಒಂದೇ ದೇಹದಲ್ಲಿ ಒಬ್ಬ ಸಜ್ಜನ, ಒಬ್ಬ ದುಷ್ಟ ಎಂಬ ಕಲ್ಪನೆ ಜನರನ್ನು ಮರುಳುಮಾಡಿದೆ. ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು 1908ರಲ್ಲಿ ಸ್ಕಿಜೋಫ್ರೀನಿಯ ಎಂಬ ಹೆಸರನ್ನು ಟಂಕಿಸಿದನು. ಗ್ರೀಕಿನಲ್ಲಿ ಅದಕ್ಕೆ ‘ಒಡೆದ ಮನಸ್ಸು’ ಎಂದರ್ಥವಾದುದರಿಂದ ಜನರು ಎರಡನ್ನೂ ಬೆರೆಸಿಬಿಟ್ಟರು. ಬ್ಲಾಯ್ಲರನು ಹೇಳಿದ್ದು ಇಬ್ಬರು ವ್ಯಕ್ತಿಗಳನ್ನಲ್ಲ. ಆಲೋಚನೆ, ಭಾವನೆ, ಇಚ್ಛೆಗಳ ನಡುವಣ ಹೊಂದಿಕೆ ಬಿರುಕುಬಿಡುವುದನ್ನು. ನಮ್ಮಲ್ಲಿ ಬಳಕೆಗೆ ಬಂದ ‘ಇಚ್ಚಿತ್ತ ವಿಕಲತೆ’ ಎಂಬ ಪದವೂ ಎರಡು ಚಿತ್ತಗಳನ್ನು ಸೂಚಿಸಿ ಈ ತಪ್ಪಿಗೆ ಇನ್ನಷ್ಟು ಇಂಬುಕೊಟ್ಟಿತೆಂದು ತೋರುತ್ತದೆ. ಜೆಕಿಲನ ಕಥೆಯನ್ನು ಪಾಠಮಾಡುವುದಾದರೆ, ಆ ರೋಗದ ವಿಷಯದಲ್ಲಿ ಏನನ್ನು ನಂಬಬಾರದು ಎಂಬುದಕ್ಕೆ ಉದಾಹರಣೆಯಾಗಿ ಪಾಠಮಾಡಬೇಕು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಕಥೆಗೆ ಕಾರ್ಯಕಾರಣ ಬೇಕು. ಒಂದು ಗುಟ್ಟು ಇದ್ದರೆ ಕಥೆ ಬಿಗಿಯಾಗುತ್ತದೆ. ಆದುದರಿಂದ ಎಷ್ಟೋ ಕಾದಂಬರಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಚಲನಚಿತ್ರಗಳಲ್ಲಿ, ರೋಗಕ್ಕೆ ಹಿಂದೆಂದೋ ಹೂತಿಟ್ಟ ಒಂದು ನೆನಪೇ ಕಾರಣವಾಗಿರುತ್ತದೆ. ವೈದ್ಯನು ಅದನ್ನು ಅಗೆದು ತೆಗೆದೊಡನೆ ರೋಗ ಮಾಯವಾಗುತ್ತದೆ. ‘ಶರಪಂಜರ’ ಚಿತ್ರದಲ್ಲಿಯೂ ಕಾವೇರಿಯ ಬೇನೆಗೆ ಮದುವೆಗೆ ಮುಂಚಿನ ಕಹಿ ಘಟನೆಯೊಂದನ್ನು ಜೋಡಿಸಲಾಗಿದೆ. ಆ ತಲೆಮಾರಿನ ಮನಶ್ಶಾಸ್ತ್ರದ ಮೇಲೆ ಫ್ರಾಯ್ಡನ ನೆರಳು ದಟ್ಟವಾಗಿದ್ದಿತಾದುದರಿಂದ ಇದು ಆಶ್ಚರ್ಯವಲ್ಲ. ಇಂದಿನ ತಿಳಿವಳಿಕೆಯಂತೆ ಆನುವಂಶಿಕತೆ, ಹಾರ್ಮೋನುಗಳು, ನಿದ್ರಾಭಂಗ, ಹಿಂದಿನ ನೋವು, ಇಂದಿನ ಒಂಟಿತನ ಇವೆಲ್ಲವೂ ಬೇರೆಬೇರೆ ಪ್ರಮಾಣದಲ್ಲಿ ಸೇರಿ ರೋಗವಾಗುತ್ತದೆ. ಹೆರಿಗೆಯ ಅನಂತರದ ಚಿತ್ತವಿಕಲತೆಯಲ್ಲಂತೂ ಶರೀರದ ಪಾಲು ಬಹಳ ದೊಡ್ಡದು. ಗತಜೀವನದಲ್ಲಿ ಯಾವ ಗುಟ್ಟೂ ಇಲ್ಲದ, ಅಕ್ಕರೆಯ ಮನೆಯಲ್ಲಿರುವ ಹೆಂಗಸಿಗೂ ಅದು ಬರುತ್ತದೆ. ಇದನ್ನು ಹೇಳದೆ ಹೋದರೆ, ಕಾವೇರಿಯ ಕಥೆಯನ್ನು ಓದಿದ ವಿದ್ಯಾರ್ಥಿಯು ನಾಳೆ ತನ್ನ ಅಕ್ಕನಿಗೋ ಅತ್ತಿಗೆಗೋ ಈ ರೋಗ ಬಂದಾಗ ಅವರ ಹಿಂದಿನ ಬದುಕಿನಲ್ಲಿ ಏನೋ ಇದ್ದಿರಬೇಕೆಂದು ಅನುಮಾನಿಸತೊಡಗಿಯಾನು. ಕರುಣೆಯನ್ನು ಕಲಿಸಹೊರಟ ಪುಸ್ತಕ ಸಂಶಯವನ್ನು ಕಲಿಸಿದಂತಾಗುತ್ತದೆ.

ವಿದ್ಯುತ್ ಚಿಕಿತ್ಸೆಯದು ಮೂರನೆಯ ಕಥೆ. ಕೆನ್ ಕೀಸಿಯ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ (1962) ಮತ್ತು 1975ರಲ್ಲಿ ಬಂದ ಅದರ ಚಲನಚಿತ್ರ ಈ ಚಿಕಿತ್ಸೆಯನ್ನು ದಂಡನೆಯ ಸಾಧನವನ್ನಾಗಿ ಚಿತ್ರಿಸಿದವು. ಆ ಕಾಲದ ಕೆಲವು ಆಸ್ಪತ್ರೆಗಳಲ್ಲಿ ಇಂಥ ಅನ್ಯಾಯ ನಡೆದುದುಂಟು. ಸಿಲ್ವಿಯಾ ಪ್ಲಾತ್ ಅವರ ‘ದ ಬೆಲ್ ಜಾರ್’ (1963) ಇದಕ್ಕಿಂತ ಹೆಚ್ಚು ನಂಬತಕ್ಕ ಸಾಕ್ಷಿ. ಒಂದೇ ಚಿಕಿತ್ಸೆ ಒರಟಾಗಿ ನಡೆದಾಗ ನಾಯಕಿಯನ್ನು ಹೇಗೆ ಬೆದರಿಸುತ್ತದೆ, ಮುಂದೆ ಸರಿಯಾಗಿ ನಡೆದಾಗ ಹೇಗೆ ನೆಮ್ಮದಿ ಕೊಡುತ್ತದೆ ಎಂದು ಅದು ಎರಡನ್ನೂ ತೋರಿಸುತ್ತದೆ. 1938ರಲ್ಲಿ ರೋಮಿನಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಇಂದು ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಕೊಟ್ಟು ನಡೆಸುತ್ತಾರೆ. ಇವೆರಡೂ ಇಲ್ಲದೆ ನಡೆಸುವುದನ್ನು ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ತೀವ್ರ ಖಿನ್ನತೆಯಲ್ಲಿಯೂ ಬಾಣಂತಿಯರ ಚಿತ್ತವಿಕಲತೆಯಲ್ಲಿಯೂ ಈ ಚಿಕಿತ್ಸೆ ಪ್ರಾಣವನ್ನುಳಿಸಬಲ್ಲದು. ಕೀಸಿಯ ಚಿತ್ರವನ್ನು ಮಾತ್ರ ನೋಡಿದವರು ಮನೆಯವರಿಗೆ ಅದು ಬೇಕಾದಾಗ ಒಪ್ಪಿಗೆ ಕೊಡಲು ಹಿಂಜರಿಯುತ್ತಾರೆ.

ಓದಿದರೆ ಸಹಾನುಭೂತಿ ಬೆಳೆಯುತ್ತದೆಯೆ?

ಬೆಳೆಯುತ್ತದೆಂಬುದನ್ನು ಸ್ವಯಂಸಿದ್ಧವೆಂಬಂತೆ ಸಾಹಿತ್ಯಪ್ರಿಯರು ಹೇಳುವುದುಂಟು. ವಿಜ್ಞಾನದ ವಿದ್ಯಾರ್ಥಿ ಪುರಾವೆಯನ್ನು ಕೇಳಬೇಕು. 2013ರಲ್ಲಿ ಕಿಡ್ ಮತ್ತು ಕಸ್ಟಾನೊ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಉತ್ತಮ ಸಾಹಿತ್ಯದ ಕೆಲವು ಪುಟಗಳನ್ನು ಓದಿದವರು, ಕಣ್ಣುಗಳ ಛಾಯಾಚಿತ್ರವನ್ನು ನೋಡಿ ಆ ವ್ಯಕ್ತಿಯ ಭಾವವನ್ನು ಹೇಳುವಂಥ ಪರೀಕ್ಷೆಗಳಲ್ಲಿ ಇತರರಿಗಿಂತ ಮೇಲಾದರೆಂಬುದು ಅವರ ವರದಿ. ಪತ್ರಿಕೆಗಳು ಸುದ್ದಿಯನ್ನು ಸಂಭ್ರಮದಿಂದ ಹರಡಿದವು. ಆದರೆ 2016ರಲ್ಲಿ ಬೇರೆ ತಂಡಗಳು ಇದೇ ಪ್ರಯೋಗವನ್ನು ಮಾಡಿದಾಗ ಆ ಫಲ ಕಾಣಲಿಲ್ಲ. 2018ರಲ್ಲಿ ಇಂಥ 21 ಪ್ರಯೋಗಗಳನ್ನು ಪುನಃ ಮಾಡಿ ನೋಡಿದ ದೊಡ್ಡ ಯೋಜನೆಯಲ್ಲಿಯೂ ಕಾಣಲಿಲ್ಲ. ಹತ್ತು ನಿಮಿಷ ಒಳ್ಳೆಯ ಗದ್ಯವನ್ನೋದಿದ ಮಾತ್ರಕ್ಕೆ ಪರರ ಮನಸ್ಸು ತಿಳಿಯುವುದಿಲ್ಲವೆಂದು ಹೇಳಿದರೆ ಯಾರೂ ಬೇಸರಪಡಬೇಕಾಗಿಲ್ಲ. ಇಡೀ ಕಾದಂಬರಿಯನ್ನು ವಾರಗಟ್ಟಲೆ ಓದಿ ಚರ್ಚಿಸುವುದು ಬೇರೆಯೇ ಕೆಲಸ. ಅದರ ಪರಿಣಾಮವನ್ನು ಆ ಪ್ರಯೋಗ ಅಳೆದಿರಲಿಲ್ಲ. ಮನೋರೋಗಿಗಳ ಬಗೆಗಿನ ತಿರಸ್ಕಾರವನ್ನು ತಗ್ಗಿಸುವುದರಲ್ಲಿ, ರೋಗವನ್ನು ಅನುಭವಿಸಿ ಚೇತರಿಸಿಕೊಂಡವರೊಡನೆ ನೇರವಾಗಿ ಮಾತನಾಡುವುದಕ್ಕೆ ಹೆಚ್ಚಿನ ಪುರಾವೆಯಿದೆ ಎಂಬುದನ್ನೂ ಮರೆಯಬಾರದು. ಕಾದಂಬರಿಯು ಆ ಮಾತುಕತೆಗೆ ಸಿದ್ಧತೆಯಾಗಬಹುದು, ಬದಲಿಯಾಗಲಾರದು.

ಅಧ್ಯಾಪಕರು ಎಚ್ಚರವಹಿಸಬೇಕಾದ ಇನ್ನೊಂದು ವಿಷಯವಿದೆ. ಸೆಪ್ಟಿಮಸನ ಕಥೆ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ. 1774ರಲ್ಲಿ ಪ್ರಕಟವಾದ ಗಯಟೆಯ ‘ವೆರ್ತರ್’ ಕಾದಂಬರಿಯನ್ನು ಓದಿದ ಕೆಲವು ಯುವಕರು ಅದರ ನಾಯಕನನ್ನು ಅನುಕರಿಸಿದರೆಂಬ ಭಯದಿಂದ ಕೆಲವು ಊರುಗಳಲ್ಲಿ ಅದನ್ನು ನಿಷೇಧಿಸಿದ್ದರು. 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞನು, ಆತ್ಮಹತ್ಯೆಯ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬಂದ ಮೇಲೆ ಅಂಥ ಸಾವುಗಳು ಏರುವುದನ್ನು ಅಂಕಿಗಳಿಂದ ತೋರಿಸಿ, ಅದಕ್ಕೆ ವೆರ್ತರನ ಹೆಸರನ್ನೇ ಇಟ್ಟನು. ಸಂಕಟವನ್ನು ದಾಟಿ ಬಂದವರ ಕಥೆಗಳು ಇದಕ್ಕೆ ವಿರುದ್ಧವಾಗಿ ರಕ್ಷಣೆ ನೀಡಬಹುದೆಂದು 2010ರ ಒಂದು ಅಧ್ಯಯನ ಸೂಚಿಸಿತು. ಆದುದರಿಂದ ಅಂಥ ಅಧ್ಯಾಯವನ್ನು ಓದಿಸುವ ಮುನ್ನ ಹೇಳಿ ಓದಿಸಬೇಕು. ಓದಲು ಮನಸ್ಸಿಲ್ಲದವರನ್ನು ಒತ್ತಾಯಿಸಬಾರದು. ತರಗತಿಯಲ್ಲಿಯೇ ಒಬ್ಬಿಬ್ಬರು ಮೌನವಾಗಿ ಬೇಯುತ್ತಿರಬಹುದೆಂದು ಎಣಿಸಿಯೇ ಮಾತನಾಡಬೇಕು. ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದಾದ ‘ಟೆಲಿ-ಮಾನಸ್’ ಸಹಾಯವಾಣಿ 2022ರಿಂದ ದೇಶದಲ್ಲಿದೆ. ಅದರ ಸಂಖ್ಯೆ 14416. ಅದನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಡುವುದು ಒಳ್ಳೆಯದು.

ಕೊನೆಯದಾಗಿ, ‘ಶರಪಂಜರ’ದ ಉತ್ತರಾರ್ಧವನ್ನು ತರಗತಿಯಲ್ಲಿ ಓದಲು ಒಂದು ಕ್ರಮವನ್ನು ಇಲ್ಲಿ ಸೂಚಿಸಬಹುದು. ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಕಾವೇರಿ ಮಾಡಿದ್ದನ್ನು, ಆಡಿದ್ದನ್ನು ಮಾತ್ರ ಬರೆಯಿರಿ. ಬಲಗಡೆ ಮನೆಯವರು ಅದಕ್ಕೆ ಕೊಟ್ಟ ಅರ್ಥವನ್ನು ಬರೆಯಿರಿ. ಅನಂತರ ಬಲಗಡೆಯನ್ನು ಮುಚ್ಚಿ, ಆಸ್ಪತ್ರೆಯ ಮಾತನ್ನೇ ತಿಳಿಯದ ಒಬ್ಬ ಗೆಳೆಯನಿಗೆ ಎಡಗಡೆಯನ್ನು ಮಾತ್ರ ಓದಿಹೇಳಿ, ಇದರಲ್ಲಿ ಯಾವುದು ರೋಗ, ಯಾವುದು ನೊಂದ ಮನುಷ್ಯನ ಸಹಜ ಕೋಪ ಎಂದು ಕೇಳಿ. ಇಬ್ಬರ ಉತ್ತರ ಎಲ್ಲಿ ಭಿನ್ನವಾಯಿತೋ ಅಲ್ಲಿ ನಿಂತು ಚರ್ಚಿಸಿ. ಅದಾದ ಮೇಲೆ ಇನ್ನೊಂದು ಪ್ರಶ್ನೆ: ಕಾವೇರಿಯನ್ನು ಮನೆಗೆ ಕಳುಹಿಸುವ ದಿನ ವೈದ್ಯರು ಅವಳ ಗಂಡನನ್ನು ಕೂರಿಸಿಕೊಂಡು ಏನೇನನ್ನು ಹೇಳಬೇಕಾಗಿದ್ದಿತು? ನಿದ್ರೆಯ ವಿಷಯ, ಔಷಧದ ವಿಷಯ, ಮುಂದಿನ ಹೆರಿಗೆಯ ವಿಷಯ, ಟೀಕೆಯ ವಿಷಯ, ನೆರೆಯವರಿಗೆ ಏನು ಹೇಳಬೇಕೆಂಬ ವಿಷಯ ಹೀಗೆ ವಿದ್ಯಾರ್ಥಿಗಳು ಪಟ್ಟಿಮಾಡಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತೆರೆದ ತಾಯಿ-ಮಗುವಿನ ವಿಭಾಗದಲ್ಲಿ ರೋಗಿಯಾದ ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು, ಮನೆಯವರನ್ನೂ ಆರೈಕೆಯಲ್ಲಿ ಸೇರಿಸಿಕೊಂಡು ಚಿಕಿತ್ಸೆ ಮಾಡುತ್ತಾರೆ. ತಮ್ಮ ಪಟ್ಟಿಯನ್ನು ಅಲ್ಲಿನ ಕ್ರಮದೊಡನೆ ಹೋಲಿಸಿ ನೋಡಿದರೆ, ತಾವು ಬಿಟ್ಟದ್ದೇನು ಎಂಬುದು ವಿದ್ಯಾರ್ಥಿಗಳಿಗೇ ಗೊತ್ತಾಗುತ್ತದೆ.